ವಾಡಿಕೆಯ ಮಳೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದ ಗ್ರಾಮ. ದೇವರ ಎತ್ತುಗಳೆಂದು ಮೀಸಲಾದ ದನಗಳನ್ನು ಕಿಲಾರಿಗಳು ತಲೆತಲಾಂತರದಿಂದ ಕಾಯ್ದುಕೊಂಡು ಬಂದಿರುವ ಈ ಸೀಮೆಯಲ್ಲಿ ಮಳೆಯ ಮಾತು ಬೇಸಾಯಗಾರನೊಬ್ಬನಿಗೇ ಸೇರಿದ ಮಾತಲ್ಲ. ಮಳೆ ತಪ್ಪಿದರೆ ಹೊಲದ ಶೇಂಗಾ ಒಣಗುವುದು. ಅದರ ಹಿಂದೆಯೇ ಕಾವಲಿನ ಹುಲ್ಲು ತೀರುವುದು. ಮನುಷ್ಯನಾದರೂ ಅಂಗಡಿಯಿಂದ ಅಕ್ಕಿ ತಂದು ಉಂಡಾನು; ದೇವರ ಎತ್ತಿಗೆ ಮೇವನ್ನು ಎಲ್ಲಿಂದ ತರುವುದು? ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡ ನಾಡಿನಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳ ಸಾಲಿನವು. ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂಟಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವಲ್ಲಿ ಚಳ್ಳಕೆರೆಯ ಸರಾಸರಿಯು 45 ಸೆಂಟಿಮೀಟರಿನ ಆಸುಪಾಸಿನಲ್ಲಿದೆ.

ಇಂತಹ ಊರಿನಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆ ಒಂದೇ: ಈ ಸಲ ವಾಡಿಕೆಯ ಮಳೆ ಆಯಿತೆ, ಇಲ್ಲವೆ? ಸರ್ಕಾರದ ಪ್ರಕಟನೆಗಳಲ್ಲಿಯೂ ರೈತರ ಬಾಯಲ್ಲಿಯೂ ಈ ಮಾತು ಸಮಾನವಾಗಿ ಬಳಕೆಯಲ್ಲಿದೆ. ತಾಲ್ಲೂಕು ಬರಪೀಡಿತವೆನ್ನಿಸಿಕೊಳ್ಳುವುದೂ, ಗೋಶಾಲೆ ತೆರೆಯುವುದೂ, ಪರಿಹಾರ ದೊರೆಯುವುದೂ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುವುವು. ಆದರೆ ವಾಡಿಕೆಯೆಂದರೆ ಏನು? ವಾಡಿಕೆಯಿಂದ ಎಷ್ಟು ದೂರ ಸರಿದರೆ ಅದು ವಿಪತ್ತೆನಿಸುವುದು? ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಲು ಮಾನವನಿಗೆ ಬಹುಕಾಲ ಹಿಡಿಯಿತು. ಅದರ ಚರಿತ್ರೆಯು ಜೂಜಿನ ಕಟ್ಟೆಯಿಂದ ತೊಡಗಿ ನಕ್ಷತ್ರಗಳ ವೀಕ್ಷಣೆಯನ್ನೂ ಸಿಪಾಯಿಗಳ ಎದೆಯಳತೆಯನ್ನೂ ದಾಟಿ ನನ್ನಿವಾಳದ ಹೊಲದವರೆಗೆ ಬಂದಿರುವುದು.

ಮಳೆಯನ್ನು ಅಳೆಯುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಒಂದು ಅರತ್ನಿ ಬಾಯಗಲವುಳ್ಳ ಕುಂಡವನ್ನು ಮಳೆಯಳೆಯಲು ಇಡಬೇಕೆಂಬ ವಿಧಿಯಿದೆ. ಒಣಸೀಮೆಯಾದ ಜಾಂಗಲಕ್ಕೆ 16 ದ್ರೋಣ, ನೀರುಸೀಮೆಯಾದ ಅನೂಪಕ್ಕೆ ಅದರ ಒಂದೂವರೆಪಟ್ಟು, ಹೀಗೆ ದೇಶದೇಶದ ಮಳೆಯ ಪ್ರಮಾಣವೂ ಅಲ್ಲಿ ಹೇಳಲ್ಪಟ್ಟಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅವರಿಂದಲೇ ಪ್ರಕಟವಾದುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅಲ್ಲಿ ಮಳೆಯ ಮೊತ್ತವಿದೆ. ಆ ಮೊತ್ತವು ಯಾವ ಯಾವ ತಿಂಗಳಿಗೆ ಹೇಗೆ ಹಂಚಿಹೋದರೆ ಒಳಿತೆಂಬ ವಿವೇಚನೆಯೂ ಇದೆ. ಆದರೆ ಒಂದು ವರ್ಷದ ಮೊತ್ತವು ಇನ್ನೊಂದು ವರ್ಷದ ಮೊತ್ತಕ್ಕಿಂತ ಎಷ್ಟು ಹೆಚ್ಚು ಕಡಮೆಯಾಗುವುದು ಸಹಜವೆಂಬುದಕ್ಕೆ ಅಳತೆಯಿಲ್ಲ. ಅಂತಹ ಅಳತೆಯು ಆಗ ಲೋಕದಲ್ಲಿ ಯಾರ ಬಳಿಯೂ ಇರಲಿಲ್ಲ.

ಇದರ ಕೊರತೆ ಎಂತಹುದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಊರಿನಲ್ಲಿ ಐದು ವರ್ಷಗಳ ಮಳೆಯು ಕ್ರಮವಾಗಿ 43, 44, 45, 46, 47 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಇನ್ನೊಂದು ಊರಿನಲ್ಲಿ 20, 30, 40, 55, 80. ಎರಡೂ ಊರುಗಳ ಸರಾಸರಿ 45. ಕಾಗದದ ಮೇಲೆ ಎರಡೂ ಒಂದೇ. ಆದರೆ ಮೊದಲನೆಯ ಊರಿನ ಒಕ್ಕಲು ನಿಶ್ಚಿಂತೆಯಿಂದ ಬಿತ್ತಬಹುದು, ಎರಡನೆಯ ಊರಿನವನು ಎರಡು ವರ್ಷ ಬೀಜವನ್ನೂ ಕಳೆದುಕೊಳ್ಳುವನು. ಸರಾಸರಿಯಿಂದ ಪ್ರತಿವರ್ಷದ ಅಂತರವನ್ನು ತೆಗೆದು, ಅದನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿಯ ವರ್ಗಮೂಲವನ್ನು ಕಂಡುಹಿಡಿದರೆ ಮೊದಲನೆಯ ಊರಿಗೆ ಸುಮಾರು 1.4, ಎರಡನೆಯದಕ್ಕೆ ಸುಮಾರು 21 ಬರುವುದು. ಈ ಸಂಖ್ಯೆಗೆ ಸಂಖ್ಯಾಶಾಸ್ತ್ರಜ್ಞರು ಮಾನಕ ವಿಚಲನೆಯೆಂದು ಹೆಸರಿಟ್ಟಿರುವರು. ಸರಾಸರಿಯು ಊರಿನ ಮಳೆಯ ಮಟ್ಟವನ್ನು ಹೇಳಿದರೆ, ವಿಚಲನೆಯು ಅದರ ನಂಬಿಕೆಯನ್ನು ಹೇಳುವುದು.

ಈ ಅಂತರಗಳು ಅಡ್ಡಾದಿಡ್ಡಿಯಾಗಿ ಹರಡಿರದೆ ಒಂದು ನಿಯಮಕ್ಕೆ ಒಳಪಟ್ಟಿರಬಹುದೆಂದು ಮೊದಲು ತೋರಿಸಿದವನು ಅಬ್ರಹಾಂ ದ ಮುವಾವ್ರ್. ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರ ಮತಸ್ವಾತಂತ್ರ್ಯವು 1685ರಲ್ಲಿ ರದ್ದಾದ ಬಳಿಕ ದೇಶಬಿಟ್ಟು ಲಂಡನ್ ಸೇರಿದ ಈತನು ಮನೆಪಾಠ ಹೇಳಿ, ಜೂಜುಗಾರರ ಲೆಕ್ಕಗಳನ್ನು ಬಿಡಿಸಿ ಜೀವನ ನಡೆಸಿದ ಗಣಿತಜ್ಞ. ನಾಣ್ಯವೊಂದನ್ನು ನೂರು ಸಲ ಚಿಮ್ಮಿದರೆ ಮುಖದ ಪಕ್ಕವು ಸರಿಯಾಗಿ 50 ಸಲವೇ ಬೀಳುವುದು ಅಪರೂಪ; ಆದರೆ ಅಂತಹ ನೂರರ ಆಟವನ್ನು ಮತ್ತೆ ಮತ್ತೆ ಆಡುತ್ತ ಹೋದರೆ, ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಟಗಳಲ್ಲಿ ಅದು 45ರಿಂದ 55ರೊಳಗೂ, ತೊಂಬತ್ತೈದಕ್ಕೂ ಹೆಚ್ಚು ಆಟಗಳಲ್ಲಿ 40ರಿಂದ 60ರೊಳಗೂ ಇರುವುದು. ಈ ಎಣಿಕೆಗಳನ್ನು ಚಿತ್ರವಾಗಿ ಬರೆದರೆ ನಡುವೆ ಎತ್ತರವಾಗಿ ಎರಡು ಪಕ್ಕಕ್ಕೂ ಸಮನಾಗಿ ಇಳಿಯುವ, ದೇವಸ್ಥಾನದ ಗಂಟೆಯನ್ನು ಹೋಲುವ ರೇಖೆಯೊಂದು ಮೂಡುವುದು. ಆ ರೇಖೆಯ ಗಣಿತವನ್ನು ದ ಮುವಾವ್ರ್ 1733ರಲ್ಲಿ ಲ್ಯಾಟಿನ್ ಭಾಷೆಯ ಒಂದು ಚಿಕ್ಕ ಹೊತ್ತಗೆಯಲ್ಲಿ ಅಚ್ಚುಹಾಕಿಸಿ ಮಿತ್ರರಿಗೆ ಹಂಚಿದನು. ಅದನ್ನು ಓದಿದವರು ಕೆಲವರೇ.

ಮುಂದಿನ ಹೆಜ್ಜೆಯು ಜೂಜಿನಿಂದಲ್ಲ, ಅಳತೆಯಿಂದ ಬಂತು. ಒಂದೇ ನಕ್ಷತ್ರವನ್ನು ಅಥವಾ ಒಂದೇ ಕೋನವನ್ನು ಹತ್ತು ಸಲ ಅಳೆದರೆ ಹತ್ತು ಬೆಲೆಗಳು ಬರುವುವು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಸಮೀಪದಲ್ಲಿ ಉಕ್ಕಿನ ಸರಪಣಿಯಿಂದ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದು, ದೇಶವನ್ನೆಲ್ಲ ತ್ರಿಕೋಣಗಳಲ್ಲಿ ಹಿಡಿಯುವ ಮಹಾಕಾರ್ಯಕ್ಕೆ ಮೊದಲಿಟ್ಟಾಗ, ಬಿಸಿಲಿಗೆ ಹಿಗ್ಗುವ ಸರಪಣಿಯೂ ನಡುಗುವ ಬಿಸಿಗಾಳಿಯೂ ಆತನ ಮುಂದೆ ಇದೇ ತೊಡಕನ್ನು ತಂದಿಟ್ಟಿದ್ದುವು. ಹೀಗೆ ಚದುರಿದ ಬೆಲೆಗಳಲ್ಲಿ ನಿಜಕ್ಕೆ ಅತಿ ಹತ್ತಿರವಾದುದು ಯಾವುದೆಂಬುದಕ್ಕೆ ಜರ್ಮನಿಯ ಗೌಸ್ 1809ರಲ್ಲಿ ಉತ್ತರ ಕೊಟ್ಟನು: ತಪ್ಪುಗಳು ಗಂಟೆಯಾಕಾರದ ಆ ರೇಖೆಯನ್ನೇ ಅನುಸರಿಸುವುವೆಂದು ಎಣಿಸಿದಲ್ಲಿ ಸರಾಸರಿಯೇ ಅತ್ಯುತ್ತಮವಾದ ಬೆಲೆ. ಮರುವರ್ಷವೇ ಫ್ರಾನ್ಸಿನ ಲಾಪ್ಲಾಸನು ಅದರ ಕಾರಣವನ್ನು ವಿಶದಪಡಿಸಿದನು. ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಸಣ್ಣ ಕಾರಣಗಳು ಕೂಡಿ ಒಂದು ಮೊತ್ತವನ್ನುಂಟುಮಾಡುವಾಗ, ಅವುಗಳಲ್ಲಿ ಯಾವ ಒಂದೂ ಉಳಿದುವನ್ನು ಮೀರಿಸದಿದ್ದರೆ, ಆ ಮೊತ್ತವು ಈ ರೇಖೆಗೆ ಹತ್ತಿರವಾಗುವುದು. ರೇಖೆಯ ಬಲವೂ ಮಿತಿಯೂ ಈ ಒಂದು ವಾಕ್ಯದಲ್ಲಿ ಅಡಗಿವೆ.

ಆಕಾಶದಿಂದ ಈ ರೇಖೆಯನ್ನು ಮನುಷ್ಯರ ನಡುವೆ ಇಳಿಸಿದವನು ಬೆಲ್ಜಿಯಂ ದೇಶದ ಖಗೋಳಜ್ಞನಾದ ಕೆಟ್ಲೆ. 5738 ಮಂದಿ ಸ್ಕಾಟ್ಲೆಂಡಿನ ಸಿಪಾಯಿಗಳ ಎದೆಯ ಸುತ್ತಳತೆಗಳನ್ನು ಆತನು ಪಟ್ಟಿಮಾಡಿ 1846ರಲ್ಲಿ ಪ್ರಕಟಿಸಿದನು. ನಾಲ್ವತ್ತು ಅಂಗುಲದ ಸುತ್ತ ಹೆಚ್ಚು ಮಂದಿ, ಎರಡು ಪಕ್ಕಕ್ಕೂ ಕ್ರಮವಾಗಿ ಕಡಮೆ ಮಂದಿ. ಒಬ್ಬನೇ ಸಿಪಾಯಿಯನ್ನು ಸಾವಿರಾರು ಸಲ ತಪ್ಪುತಪ್ಪಾಗಿ ಅಳೆದಂತೆಯೇ ಆ ಪಟ್ಟಿ ಕಂಡಿತು. ಇದರಿಂದ ಕೆಟ್ಲೆಯು, ಪ್ರಕೃತಿಯ ಗುರಿ ಸರಾಸರಿಯ ಮನುಷ್ಯನೇ, ಉಳಿದವರೆಲ್ಲ ಆ ಗುರಿ ತಪ್ಪಿದವರು ಎಂಬ ನಿರ್ಣಯಕ್ಕೆ ಬಂದನು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಈ ದೃಷ್ಟಿಯನ್ನು ತಿರುವಿಹಾಕಿದನು. ಸಾಲುಸಾಲಾಗಿ ಮೊಳೆ ಹೊಡೆದ ಹಲಗೆಯ ಮೇಲಿನಿಂದ ಸೀಸದ ಗುಂಡುಗಳನ್ನು ಉರುಳಿಸಿ, ಅವು ಕೆಳಗೆ ತಾವಾಗಿಯೇ ಗಂಟೆಯಾಕಾರದಲ್ಲಿ ರಾಶಿಯಾಗುವುದನ್ನು ಆತನು ತೋರಿಸುತ್ತಿದ್ದನು. ನಕ್ಷತ್ರವನ್ನು ಅಳೆಯುವವನಿಗೆ ವ್ಯತ್ಯಾಸವು ದೋಷವಾಗಿರಬಹುದು; ಆದರೆ ಜೀವಿಗಳಲ್ಲಿ ವ್ಯತ್ಯಾಸವು ದೋಷವಲ್ಲ, ಅದೇ ತಿಳಿಯಬೇಕಾದ ವಿಷಯ. ಮಳೆಗೂ ಈ ಮಾತು ಸಲ್ಲುವುದು.

ಈ ರೇಖೆಗೆ ಸಾಮಾನ್ಯವೆಂಬ ಅರ್ಥದ ಹೆಸರು ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅದನ್ನು ಹೆಚ್ಚಾಗಿ ಹರಡಿದ ಕಾರ್ಲ್ ಪಿಯರ್ಸನ್ ತಾನೇ 1920ರಲ್ಲಿ, ಈ ಹೆಸರಿನಿಂದಾಗಿ ಉಳಿದ ಬಗೆಯ ಹರವುಗಳೆಲ್ಲ ಅಸಾಮಾನ್ಯವೆಂದು ಜನರು ಭಾವಿಸುವಂತಾಯಿತೆಂದು ಒಪ್ಪಿಕೊಂಡನು. ಹೆಸರು ತಂದ ಆ ಮೋಸವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆ ಕಲ್ಪಿಸಿದವರು ಕಲ್ಕತ್ತೆಯ ಪ್ರಶಾಂತಚಂದ್ರ ಮಹಾಲನೋಬಿಸ್. 1920ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದ ಕಾಲಕ್ಕೆ ಪ್ರಾಣಿಶಾಸ್ತ್ರಜ್ಞ ಆನ್ಯಾಂಡೇಲ್ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಜನರ ದೇಹಮಾನದ ಅಳತೆಗಳನ್ನು ಅವರಿಗೆ ಒಪ್ಪಿಸಿದನು. ಅವರ ಎತ್ತರಗಳನ್ನು ಕುರಿತು ಮಹಾಲನೋಬಿಸರು ಬರೆದ ಲೇಖನವು 1922ರಲ್ಲಿ ಹೊರಬಿತ್ತು. 1931ರ ಡಿಸೆಂಬರಿನಲ್ಲಿ ಅವರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬೆಳೆದವರಲ್ಲಿ ಅಗ್ರಗಣ್ಯರು ಸಿ. ಆರ್. ರಾವ್. ಅವರು 1920ರ ಸೆಪ್ಟೆಂಬರ್ 10ರಂದು ಜನಿಸಿದುದು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ; ಮೊಳಕಾಲ್ಮೂರಿನ ಬಡಗಣ ಎಲ್ಲೆಯನ್ನು ದಾಟಿದರೆ ಸಿಕ್ಕುವುದು ಅದೇ ಬಳ್ಳಾರಿ ಸೀಮೆ. ಅಳತೆಯೊಂದರಿಂದ ಎಷ್ಟು ನಿಖರವಾಗಿ ನಿಜವನ್ನು ಊಹಿಸಬಹುದೆಂಬುದಕ್ಕೆ 1945ರಲ್ಲಿ ಅವರು ಕಂಡುಕೊಟ್ಟ ಎಲ್ಲೆಯು ಲೋಕಪ್ರಸಿದ್ಧವಾಗಿದೆ. 2023ರಲ್ಲಿ ಅವರು ನೂರೆರಡು ವರ್ಷಗಳ ತುಂಬುಬಾಳನ್ನು ಮುಗಿಸಿದರು.

ಈಗ ಮಳೆಗೆ ಮರಳಬಹುದು. 1876-78ರ ಮಹಾಕ್ಷಾಮವು ಮೈಸೂರು ಸಂಸ್ಥಾನಕ್ಕೆ ಕಲಿಸಿದ ಪಾಠ ಘೋರವಾದುದು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆಯು ಒಂದು ವರ್ಷ ತಪ್ಪಿದುದು ಮಾತ್ರವಲ್ಲ, ಒಂದರ ಮೇಲೊಂದು ವರ್ಷ ತಪ್ಪಿದುದೇ ಈ ಅನಾಹುತದ ಮೂಲ. 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಹುಟ್ಟಿತು. ತಾಲ್ಲೂಕು ಕೇಂದ್ರಗಳ ಮಳೆಮಾಪಕಗಳಿಂದ ವರ್ಷವರ್ಷದ ಲೆಕ್ಕವು ಕೂಡುತ್ತ ಬಂತು. ಹಲವು ದಶಕಗಳ ಆ ಲೆಕ್ಕದ ಸರಾಸರಿಯೇ ವಾಡಿಕೆಯ ಮಳೆಯೆನ್ನಿಸಿಕೊಂಡಿತು. ಜಿಲ್ಲೆಯೊಂದರ ಮಳೆಯು ಆ ಸರಾಸರಿಗಿಂತ ನೂರಕ್ಕೆ 19ರವರೆಗೆ ಹೆಚ್ಚಿದ್ದರೂ ಕಡಮೆಯಿದ್ದರೂ ಅದನ್ನು ವಾಡಿಕೆಯೆಂದೇ ಇಲಾಖೆ ಕರೆಯುವುದು. 20ರಿಂದ 59ರವರೆಗೆ ತಗ್ಗಿದರೆ ಕೊರತೆ. ಅದಕ್ಕೂ ಕೆಳಗಿಳಿದರೆ ತೀವ್ರ ಕೊರತೆ.

ಈ ಕಟ್ಟಳೆಯು ಸರಳವಾದುದು, ಎಲ್ಲರಿಗೂ ತಿಳಿಯುವಂತಹುದು. ಆದರೆ ಎಲ್ಲ ಊರುಗಳಿಗೂ ಒಂದೇ ಅಳತೆಗೋಲನ್ನು ಹಿಡಿಯುವುದು ಇದರ ದೋಷ. ಇಡೀ ಭಾರತದ ಮುಂಗಾರು ಮಳೆಯನ್ನು ಒಟ್ಟಾಗಿ ತೆಗೆದುಕೊಂಡರೆ ಅದರ ಸರಾಸರಿ ಸುಮಾರು 87 ಸೆಂಟಿಮೀಟರ್. ಮಾನಕ ವಿಚಲನೆಯು ಸರಾಸರಿಯ ನೂರಕ್ಕೆ ಹತ್ತರಷ್ಟು. ಒಂದು ಮೂಲೆಯ ಕೊರತೆಯನ್ನು ಇನ್ನೊಂದು ಮೂಲೆಯ ಹೆಚ್ಚಳವು ತುಂಬುವುದರಿಂದ ಆ ಮೊತ್ತವು ಗಂಟೆಯಾಕಾರದ ರೇಖೆಗೆ ಬಹುಮಟ್ಟಿಗೆ ಹೊಂದುವುದು. ಅಲ್ಲಿ ನೂರಕ್ಕೆ 20ರ ಕೊರತೆಯೆಂದರೆ ಎರಡು ವಿಚಲನೆಗಳಷ್ಟು ಕೆಳಗೆ. ರೇಖೆಯ ಪ್ರಕಾರ ಅದು ಸುಮಾರು 44 ವರ್ಷಗಳಿಗೊಮ್ಮೆ ಬರಬಹುದಾದ ವಿಪತ್ತು. ಆದರೆ ಒಣಸೀಮೆಯ ಒಂದು ಸಣ್ಣ ಪ್ರದೇಶದಲ್ಲಿ ಹೀಗೆ ತುಂಬಿಕೊಡುವವರಿಲ್ಲ. ಅಲ್ಲಿ ವಿಚಲನೆಯು ಬಹಳ ಹೆಚ್ಚು. ಉದಾಹರಣೆಗಾಗಿ ಅದನ್ನು ನೂರಕ್ಕೆ 30 ಎಂದಿಟ್ಟುಕೊಂಡರೆ, ಅದೇ 20ರ ಕೊರತೆಯು ನಾಲ್ಕು ವರ್ಷಗಳಿಗೊಮ್ಮೆ ಮನೆಬಾಗಿಲಿಗೆ ಬರುವ ನೆಂಟನಂತೆ ಆಗುವುದು. ಒಂದೇ ಅಂಕಿ, ಒಂದೆಡೆ ಜೀವಮಾನದಲ್ಲಿ ಒಮ್ಮೆ ಕಾಣುವ ಸಂಗತಿ, ಇನ್ನೊಂದೆಡೆ ಮಗುವು ಶಾಲೆಗೆ ಸೇರುವ ಮೊದಲೇ ಕಂಡಿರುವ ಸಂಗತಿ.

ಇನ್ನೊಂದು ತೊಡಕೂ ಉಂಟು. ಗಂಟೆಯಾಕಾರದ ರೇಖೆಯು ಎರಡು ಪಕ್ಕಕ್ಕೂ ಸಮ. ಮಳೆಯಾದರೋ ಸೊನ್ನೆಗಿಂತ ಕೆಳಗೆ ಇಳಿಯಲಾರದು. ಮೇಲಕ್ಕೆ ಏರಲು ಮಾತ್ರ ತಡೆಯಿಲ್ಲ. ಒಣಸೀಮೆಯ ವರ್ಷಮೊತ್ತವು ನೂರಾರು ಸಣ್ಣ ಮಳೆಗಳ ಕೂಟವಲ್ಲ. ಉತ್ತರೆ ಹಸ್ತೆ ಚಿತ್ತೆಗಳ ಕಾಲದ ನಾಲ್ಕಾರು ಜಡಿಮಳೆಗಳೇ ವರ್ಷದ ಹಣೆಬರಹವನ್ನು ಬರೆಯುವುವು. ಲಾಪ್ಲಾಸನು ಹೇಳಿದ ಷರತ್ತು ಇಲ್ಲಿ ತಪ್ಪಿತು. ಆದುದರಿಂದ ಇಲ್ಲಿಯ ರೇಖೆಯು ಓರೆಯಾಗಿ, ಎಡಕ್ಕೆ ಗುಡ್ಡೆಗಟ್ಟಿ ಬಲಕ್ಕೆ ಬಾಲವನ್ನು ಚಾಚಿರುವುದು. ಮೇಲಿನ ಕಲ್ಪಿತ ಊರನ್ನು ಮತ್ತೆ ನೋಡಿದರೆ, 45ರ ಸರಾಸರಿಗೆ ಐದರಲ್ಲಿ ಮೂರು ವರ್ಷಗಳು ಕಡಮೆಯೇ. 80ರ ಒಂದು ವರ್ಷವು ಸರಾಸರಿಯನ್ನು ಮೇಲಕ್ಕೆಳೆದು ಉಳಿದುವನ್ನೆಲ್ಲ ಬಡವಾಗಿಸಿತು. ಮಳೆ ಹಿಂದಿನಂತಿಲ್ಲವೆಂದು ಹಿರಿಯರು ಪ್ರತಿ ತಲೆಮಾರಿನಲ್ಲಿಯೂ ಹೇಳಿಕೊಳ್ಳುವುದಕ್ಕೆ ಇದೂ ಒಂದು ಕಾರಣವಾಗಿರಬಹುದು: ಇಂತಹ ಸೀಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷಗಳು ಸರಾಸರಿಯನ್ನು ಮುಟ್ಟದಿರುವುದೇ ನಿಯಮ.

ಈ ಓರೆಗೆ ಕಲ್ಲಿನಲ್ಲಿ ಕಟ್ಟಿದ ಸಾಕ್ಷಿಯು ಜಿಲ್ಲೆಯಲ್ಲಿಯೇ ಇದೆ. ಚಳ್ಳಕೆರೆ ತಾಲ್ಲೂಕಿನಲ್ಲಿಯೂ ಹರಿಯುವ ವೇದಾವತಿಗೆ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಲಾದ ವಾಣಿವಿಲಾಸ ಸಾಗರವು ಮೊದಲ ಸಲ ಕೋಡಿ ಬಿದ್ದುದು 1933ರಲ್ಲಿ. ಎರಡನೆಯ ಸಲ ಕೋಡಿ ಹರಿದುದು 2022ರಲ್ಲಿ, ಅಂದರೆ 89 ವರ್ಷಗಳ ಬಳಿಕ. ಮತ್ತೆ 2025ರ ಜನವರಿಯಲ್ಲಿಯೇ ಅದು ತುಂಬಿತು. ಈಚಿನ ವರ್ಷಗಳಲ್ಲಿ ಭದ್ರೆಯಿಂದ ಎತ್ತಿ ತಂದ ನೀರೂ ಅದಕ್ಕೆ ಸೇರುತ್ತಿರುವುದನ್ನು ಇಲ್ಲಿ ಮರೆಯಬಾರದು. ಒಂದು ತಲೆಮಾರು ಕೋಡಿಯನ್ನು ಕಾಣದೆಯೇ ಮಣ್ಣಾಯಿತು. ಅಂತಹ ಜಲಾಶಯಕ್ಕೆ ವಾಡಿಕೆಯ ಮಟ್ಟ ಯಾವುದೆಂದು ಸರಾಸರಿಯೊಂದರಿಂದಲೇ ಹೇಳುವುದು ಹೇಗೆ?

ಈ ತೊಡಕನ್ನು ಬಿಡಿಸಲು 1993ರಲ್ಲಿ ಅಮೆರಿಕದ ಕೊಲರಾಡೊ ಸಂಸ್ಥಾನದ ಮಕ್ಕೀ, ಡೋಸ್ಕನ್, ಕ್ಲೈಸ್ಟ್ ಎಂಬ ಮೂವರು ವಿದ್ವಾಂಸರು ಒಂದು ಉಪಾಯವನ್ನು ಸೂಚಿಸಿದರು. ಊರೊಂದರ ಮೂವತ್ತು ವರ್ಷಗಳಿಗೆ ಕಡಮೆಯಿಲ್ಲದ ಮಳೆಯ ಲೆಕ್ಕವನ್ನು ಮೊದಲು ಅದಕ್ಕೆ ಹೊಂದುವ ಓರೆರೇಖೆಯಲ್ಲಿ ಅಳವಡಿಸುವುದು. ಬಳಿಕ ಈ ವರ್ಷದಷ್ಟು ಕಡಮೆ ಮಳೆ ಆ ಊರಿಗೆ ಎಷ್ಟು ಅಪರೂಪವೆಂಬುದನ್ನು ಕಂಡು, ಗಂಟೆಯಾಕಾರದ ರೇಖೆಯಲ್ಲಿ ಅಷ್ಟೇ ಅಪರೂಪವಾದ ಸ್ಥಾನಕ್ಕೆ ಅದನ್ನು ಸಾಗಿಸುವುದು. ಪ್ರಮಾಣೀಕೃತ ಮಳೆ ಸೂಚ್ಯಂಕವೆಂದು ಇದನ್ನು ಕರೆಯಬಹುದು. ಸೂಚ್ಯಂಕವು ಸೊನ್ನೆಯಿಂದ ಒಂದು ಘಟಕಕ್ಕಿಂತ ಕೆಳಗಿಳಿಯುವುದು ನೂರು ವರ್ಷಗಳಲ್ಲಿ ಸುಮಾರು 16 ಸಲ. ಎರಡಕ್ಕಿಂತ ಕೆಳಗಿಳಿಯುವುದು ಎರಡು ಸಲವಷ್ಟೆ. ಹೀಗೆ ಆಗುಂಬೆಯನ್ನು ಆಗುಂಬೆಯ ನಡತೆಯಿಂದ, ನನ್ನಿವಾಳವನ್ನು ನನ್ನಿವಾಳದ ನಡತೆಯಿಂದ ಅಳೆಯುವುದು ಸಾಧ್ಯವಾಯಿತು. ಭಾರತ ಸರ್ಕಾರದ 2016ರ ಬರ ನಿರ್ವಹಣೆಯ ಕೈಪಿಡಿಯಲ್ಲಿ ಮಳೆಯ ಕೊರತೆಯನ್ನು ತಿಳಿಯುವ ಸಾಧನಗಳ ನಡುವೆ ಈ ಸೂಚ್ಯಂಕಕ್ಕೂ ಸ್ಥಾನ ದೊರೆತಿದೆ. ಲಂಡನ್ನಿನಲ್ಲಿ ಹೊಟ್ಟೆಪಾಡಿಗಾಗಿ ಜೂಜಿನ ಲೆಕ್ಕ ಬಿಡಿಸುತ್ತಿದ್ದವನ ರೇಖೆಯು ಹೀಗೆ ಗೋಶಾಲೆಯ ಬಾಗಿಲಿಗೆ ಬಂದು ನಿಂತಿತು.

ಆದರೆ ನ್ಯಾಯವೆಂದು ತೋರುವ ಈ ಅಳತೆಯಲ್ಲಿಯೂ ಒಂದು ಎಚ್ಚರಿಕೆ ಬೇಕು. ಊರನ್ನು ಅದರದೇ ನಡತೆಯಿಂದ ಅಳೆದಾಗ, ಮೇಲಿಂದ ಮೇಲೆ ಬರವನ್ನುಂಡ ಊರಿಗೆ ಬರವೇ ನಡತೆಯೆನ್ನಿಸಿಕೊಳ್ಳುವ ಅಪಾಯವಿದೆ. ನಾಲ್ಕು ವರ್ಷಗಳಿಗೊಮ್ಮೆ ಬರುವ ಕೊರತೆಯನ್ನು ರೇಖೆಯು ಅಪರೂಪವೆನ್ನಲಾರದು. ಅದು ಸುಳ್ಳನ್ನು ಹೇಳುವುದಿಲ್ಲ. ಆದರೆ ಅಪರೂಪವಲ್ಲದ ಹಸಿವೂ ಹಸಿವೇ. ಎಷ್ಟು ಅಪರೂಪವೆಂಬುದು ಒಂದು ಪ್ರಶ್ನೆ, ಎಷ್ಟು ಸಂಕಟವೆಂಬುದು ಇನ್ನೊಂದು. ರೇಖೆಯು ಮೊದಲನೆಯದಕ್ಕೆ ಮಾತ್ರ ಉತ್ತರಿಸಬಲ್ಲುದು. ಈ ಕಾರಣದಿಂದಲೇ ಅದೇ ಕೈಪಿಡಿಯು ಬಿತ್ತನೆಯಾದ ನೆಲ, ಮಣ್ಣಿನ ತೇವ, ಪೈರಿನ ಸ್ಥಿತಿ, ಕೆರೆಕಟ್ಟೆ ಅಂತರ್ಜಲಗಳ ಮಟ್ಟ ಇವನ್ನೂ ನೋಡಬೇಕೆಂದೂ, ಹೊಲಕ್ಕೇ ಹೋಗಿ ಪೈರನ್ನು ಪರೀಕ್ಷಿಸಬೇಕೆಂದೂ ವಿಧಿಸಿರುವುದು.

ವ್ಯತ್ಯಾಸವೆಂಬುದು ಪ್ರಕೃತಿಯ ತಪ್ಪೆಂದು ಕೆಟ್ಲೆಯು ತಿಳಿದನು. ಅಲ್ಲವೆಂದು ಗಾಲ್ಟನ್ ತಿದ್ದಿದನು. ನನ್ನಿವಾಳದ ಹಿರಿಯರಿಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆಯಾಗಿರಲಿಲ್ಲ. ಸಜ್ಜೆ ನವಣೆ ಹುರುಳಿಗಳನ್ನು ಬೆರಸಿ ಬಿತ್ತುವುದು, ಒಳ್ಳೆಯ ವರ್ಷದ ಹುಲ್ಲನ್ನು ಬಣವೆಯೊಟ್ಟಿ ಕೆಟ್ಟ ವರ್ಷಕ್ಕೆ ಉಳಿಸುವುದು, ಮೇವು ತೀರಿದಾಗ ಮಂದೆಯನ್ನು ದೂರದ ಕಾವಲಿಗೆ ಹೊಡೆದುಕೊಂಡು ಹೋಗುವುದು, ಇವೆಲ್ಲ ಸರಾಸರಿಯನ್ನು ನಂಬದೆ ವಿಚಲನೆಯನ್ನು ನಂಬಿ ಬಾಳಿದವರ ಪದ್ಧತಿಗಳು. ಮುಂದೆ ವೃತ್ತಪತ್ರಿಕೆಯಲ್ಲಿ ವಾಡಿಕೆಯ ಮಳೆಯೆಂಬ ಮಾತನ್ನು ಕಂಡಾಗ ವಾಚಕರು ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು: ಸರಾಸರಿ ಎಷ್ಟು? ಆ ಊರಿನಲ್ಲಿ ಸರಾಸರಿಯಿಂದ ಸರಿಯುವುದು ಎಷ್ಟು? ಎರಡನೆಯದನ್ನು ಕೇಳದವನಿಗೆ ಮೊದಲನೆಯ ಉತ್ತರವು ದೊರೆತೂ ಪ್ರಯೋಜನವಿಲ್ಲ. ಬಣವೆಯನ್ನು ಎಷ್ಟು ದೊಡ್ಡದಾಗಿ ಒಟ್ಟಬೇಕೆಂಬುದನ್ನು ನಿಶ್ಚಯಿಸುವುದು ಆ ಎರಡನೆಯ ಅಂಕಿಯೇ.